ಕಾಕಾನ ಗಾಳಕ್ಕೊಂದು ಲೈಸೆನ್ಸು

ಮೀನು ಹಿಡಿಯುವ ಲೈಸೆನ್ಸಿಗಾಗಿ ಸರ್ಕಾರದೊಡನೆ ಜಗಳಕ್ಕೆ ನಿಂತ ಅಪ್ಪಟ ಶಾಕಾಹಾರಿ ಇಡೀ ಮುಂಬೈಯಲ್ಲಿ ಒಬ್ಬರೇ ಇರಬೇಕು. ನಮ್ಮ ಗ್ರಹಚಾರಕ್ಕೆ ಅವರು ನಮ್ಮ ಕಾಕಾ! ವಿಕ್ರೋಳಿಯ ಫ್ಯಾಕ್ಟರಿಯಿಂದ ನಿವೃತ್ತರಾಗಿ ಸಾಂತಾಕ್ರೂಜಿನ ಮಗನ ಮನೆಗೆ ಬಂದ ಮೇಲೆ ಈ ಧಾರವಾಡದ ಮನುಷ್ಯನಿಗೆ ಗಾಳದ ಹುಚ್ಚು ಹತ್ತಿತು. ಹಿಡಿದ ಮೀನನ್ನು "ಹೋಗವ್ವಾ, ಹೋಗು" ಎಂದು ಮತ್ತೆ ಕಡಲಿಗೇ ಬಿಡುತ್ತಾರೆ. ಮೀನಿಗೂ ಕಿರಿಕಿರಿ, ನಮಗೂ ಕಿರಿಕಿರಿ.

ಅದಕ್ಕೆ ಲೈಸೆನ್ಸು ಬೇರೆ ಯಾಕೆ? "ಕಾಯದೆ ಅಂದ್ರ ಕಾಯದೆ" ಎಂದು ನನ್ನನ್ನು ಮೀನುಗಾರಿಕೆ ಕಚೇರಿಗೆ ಎಳೆದುಕೊಂಡು ಹೋದರು. ಲೈಸೆನ್ಸು ಬೇಕಾಗುವುದು ಬೋಟಿಗೆ, ದಂಡೆಯಲ್ಲಿ ಗಾಳ ಹಾಕುವವರಿಗೆ ಮಾಫಿ ಎಂದು ಗುಮಾಸ್ತ ಮರಾಠಿಯಲ್ಲಿ ತಿಳಿಸಿ ಹೇಳಿದ. ಬೇರೆಯವರಾಗಿದ್ದರೆ ಕೈಮುಗಿದು ಬರುತ್ತಿದ್ದರು. ಕಾಕಾ ಕೆಂಡವಾದರು!

"ನನಗ್ಯಾಕ ಮಾಫಿ? ನಾ ಇನ್ನೂ ಸತ್ತಿಲ್ಲ!"

"ಚಲೋನ ಆತಲ್ಲ ಕಾಕಾ. ಆರಾಮ ಹಿಡೀರಿ."

"ಆರಾಮ! ಮನ್ಯಾಗೂ ಇದನ್ನ ಅಂತಾರಲ್ಲೋ, ತಮ್ಮಾ."

ನಿಜ, ಮನೆಯಲ್ಲಿ ಅವರಿಗೆ ಎಲ್ಲದರಿಂದಲೂ ವಿನಾಯಿತಿ. ಕಾಯಿಪಲ್ಯ ತರುವಂತಿಲ್ಲ, "ನಿಮಗ್ಯಾಕ ತ್ರಾಸು?" ಮೊಮ್ಮಗಳಿಗೆ ಗಂಡು ನೋಡಲು ಎಲ್ಲರೂ ಹೋದರು, ಇವರಿಗೆ ಮಾತ್ರ "ನೀವು ಮಲಕೋರಿ." ಎಂಥ ಪ್ರೀತಿ ನೋಡಿ! ಬೈಯದೆ, ಹೊಡೆಯದೆ ಒಬ್ಬ ಮನುಷ್ಯನನ್ನು ಇಲ್ಲವಾಗಿಸುವುದು ಹೇಗೆಂದು ನಮ್ಮ ನೆಂಟರಿಂದಲೇ ಕಲಿಯಬೇಕು.

ಅದೇ ಸಿಟ್ಟಿನಲ್ಲಿ ಕಾಕಾ ನನ್ನನ್ನೂ ಕರೆದುಕೊಂಡು ಸೀದಾ ದಂಡೆಗೆ ಹೋಗಿ ಗಾಳ ಬಿಚ್ಚಿದರು. ಮಳೆಗಾಲ ಆಗಷ್ಟೇ ಶುರುವಾಗಿತ್ತು. ಬಲೆ ಹೊಲಿಯುತ್ತ ಕೂತಿದ್ದ ಮೀನುಗಾರ ಹೆಂಗಸೊಬ್ಬಳು ಸೆರಗು ಸಿಕ್ಕಿಸಿಕೊಂಡು ಎದ್ದು ಬಂದಳು.

"ಏ ಕಾಕಾ! ನಾರಳಿ ಪೂನಮ್ ತಕ್ ಬಂದ್! ತುಮ್ಹಾರಾ ಅಲಗ್ ಕಾನೂನ್ ಹೈ ಕ್ಯಾ?"

ನಿನಗೇನು ಬೇರೆ ಕಾಯದೆಯೇ ಎಂದು ಅವಳ ಪ್ರಶ್ನೆ. ಮೀನು ಮೊಟ್ಟೆಯಿಡುವ ಕಾಲವಂತೆ. ನಾರಳಿ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಡುವವರೆಗೆ ಮೀನುಗಾರರೇ ಬಲೆ ಇಳಿಸುವುದಿಲ್ಲವಂತೆ. ಹಿಡಿದದ್ದನ್ನು ಕಾಕಾ ಬಿಟ್ಟುಬಿಡುತ್ತಾರೆ ಎಂದು ನಾನು ವಾದಕ್ಕಿಳಿದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಪೂನಮ್ ತಕ್ ಆನೇಕಾ ನಹೀಂ!" ಎಂದು ಕಾಕಾನನ್ನೇ ಗದರಿಸಿದಳು.

ಕಾಕಾ ಗಾಳ ಸುತ್ತಿಕೊಂಡರು. ಮುಖ ಅರಳಿತ್ತು! ರಿಕ್ಷಾದಲ್ಲಿ ಕೂತ ಮೇಲೆ ಮೆಲ್ಲಗೆ ನನ್ನ ಕೈ ಹಿಡಿದರು.

"ಹುಣ್ಣಿಮಿ ತನಕ ಬರಬ್ಯಾಡ ಅಂದ್ಲು. ಅಂದ್ರ ಹುಣ್ಣಿಮಿ ಆದಮ್ಯಾಲ ಬಾ ಅಂದಂಗ ಆತಲ್ಲೋ?"

ಅವರಿಗೆ ಯಾರಾದರೂ ಬಾ ಎಂದು ಎಷ್ಟು ಕಾಲವಾಗಿತ್ತೋ!

"ಹೌದು ಕಾಕಾ," ಎಂದೆ. "ಬಾ ಅಂತನ ಅಂದಾಳ."