ನಮ್ಮ ಭಾವ ಬರೆದ ನಾಲ್ಕು ಪುಟ

ನಮ್ಮ ಭಾವನವರನ್ನು ಯಾವ ವಿಷಯಕ್ಕೂ ಅಭಿಪ್ರಾಯ ಕೇಳಬಾರದು. ಕೇಳಿದರೆ ಹೇಳಿಬಿಡುತ್ತಾರೆ! ಒಬ್ಬ ಡಾಕ್ಟರಿಗೆ ಇದಕ್ಕಿಂತ ದೊಡ್ಡ ಕಾಯಿಲೆ ಬೇಕೇ?

ಅಕ್ಕನನ್ನು ಮದುವೆಯಾಗಿ ಮೊದಲ ಸಲ ನಂಜನಗೂಡಿನ ನಮ್ಮ ಮನೆಗೆ ಬಂದಾಗ, ಅಮ್ಮ ಬಿಸಿಬಿಸಿ ಕೇಸರಿಬಾತ್ ತಂದಿಟ್ಟು, "ಹೇಗಿದೆ ಅಳಿಯಂದ್ರೇ?" ಅಂದಳು. ಹೊಸ ಅಳಿಯನಾದವನು ಏನು ಹೇಳಬೇಕು? "ರವೆ ಇನ್ನೊಂಚೂರು ಹುರೀಬೇಕಿತ್ತು ಅತ್ತೆ" ಅಂದರು. ಅಮ್ಮ ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೇ ದಿನದಿಂದ ರವೆಯನ್ನು ಘಮ್ಮೆನ್ನುವಂತೆ ಹುರಿಯತೊಡಗಿದಳು. ಕೇಸರಿಬಾತ್ ಸುಧಾರಿಸಿತು, ಹೇಗಿದೆ ಎಂದು ಕೇಳುವುದನ್ನು ಮಾತ್ರ ಬಿಟ್ಟುಬಿಟ್ಟಳು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಭಾವ ಎಂಬಿಬಿಎಸ್ ಮುಗಿಸಿ ಸರ್ಜರಿಯಲ್ಲಿ ಎಂ.ಎಸ್. ಓದುತ್ತಿದ್ದರು. ಕಾಲೇಜು ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಅಕ್ಕ ನನ್ನನ್ನು ಮನೆಯೊಳಕ್ಕೆ ಬಿಡುವುದಿಲ್ಲ. ಆ ಓದಿಗೆ ಒಂದು ಲಾಗ್‌ಬುಕ್ ಇರುತ್ತದೆ. ತಾನು ಯಾವ ಯಾವ ಆಪರೇಷನ್ ಮಾಡಿದೆ ಎಂದು ವಿದ್ಯಾರ್ಥಿ ಅದರಲ್ಲಿ ಬರೆಯಬೇಕು, ಪ್ರೊಫೆಸರ್ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ನಿಜವಾಗಿ ನಡೆಯುತ್ತಿದ್ದದ್ದೇನು? ಆಪರೇಷನ್ನೆಲ್ಲ ಪ್ರೊಫೆಸರರೇ ಮಾಡುತ್ತಿದ್ದರು. ಇವರೆಲ್ಲ ಕೊಯ್ದ ಜಾಗವನ್ನು ಕೊಕ್ಕೆಯಿಂದ ಎಳೆದು ಹಿಡಿದು ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಪುಸ್ತಕದಲ್ಲಿ ಮಾತ್ರ ಎಲ್ಲರೂ "ಮಾಡಿದೆ" ಎಂದು ಬರೆಯುವುದು ವಾಡಿಕೆ. ಸೀನಿಯರ್ ಪುಸ್ತಕ ನೋಡಿ ಜೂನಿಯರ್ ಇಳಿಸಿಕೊಂಡರಾಯಿತು. ನಮ್ಮ ಭಾವ ಒಂದೊಂದು ಸಾಲಿನಲ್ಲೂ ಗುಂಡಗೆ ಬರೆದರು: "ಹಿಡಿದುಕೊಂಡು ನಿಂತಿದ್ದೆ."

ಇದು ಸಾಲದೆಂಬಂತೆ ಆ ವರ್ಷ ಕಾಲೇಜಿನವರು ಒಂದು ಡಬ್ಬ ಇಟ್ಟರು. ತರಬೇತಿ ಹೇಗಿದೆ ಎಂದು ಬರೆದು ಹಾಕಿ, ಹೆಸರು ಬೇಕಾಗಿಲ್ಲ ಎಂದು ಸೂಚನೆ. ಉಳಿದವರು "ಅತ್ಯುತ್ತಮ" ಎಂದು ಗೀಚಿ ಕ್ಯಾಂಟೀನಿಗೆ ನಡೆದರು. ಭಾವ ಆಪರೇಷನ್ನನ್ನೇ ಕೈಗೆ ಕೊಡುವುದಿಲ್ಲವೆಂದು ನಾಲ್ಕು ಪುಟ ಬರೆದು ಕೆಳಗೆ ಸಹಿ ಮಾಡಿದರು.

"ಹೆಸರು ಬೇಡ ಅಂದಿದ್ರಲ್ಲ ಭಾವ?" ಅಂದೆ.

"ನನ್ನ ಅಕ್ಷರ ಅವರಿಗೆ ಗೊತ್ತು ಕಣೋ. ಹುಡುಕೋ ಕಷ್ಟ ಯಾಕೆ ಪಾಪ?"

ಹುಡುಕುವ ಕಷ್ಟವಿಲ್ಲದ ಪ್ರೊಫೆಸರ್ ಮಾರನೆಯ ದಿನವೇ ಕರೆಸಿದರು. "ಲಾಗ್‌ಬುಕ್ ತಿದ್ದಿಕೊಂಡು ಬನ್ನಿ, ಸಹಿ ಹಾಕ್ತೀನಿ."

"ಆಪರೇಷನ್ ಕೊಡಿ ಸಾರ್, ತಿದ್ದಿಕೊಂಡು ಬರ್ತೀನಿ."

ಅಲ್ಲಿಗೆ ಪರೀಕ್ಷೆ ಕೈತಪ್ಪಿ ಆರು ತಿಂಗಳು ಮುಂದಕ್ಕೆ ಹೋಯಿತು. ಮುಂದಿನ ಸಲವೂ ಸಹಿ ಸಿಗದಿದ್ದರೆ ಡಿಗ್ರಿಯ ಆಸೆಯನ್ನೇ ಬಿಡಬೇಕು. ಅಕ್ಕ ಅತ್ತಳು. ಟಿ. ನರಸೀಪುರದ ಕಡೆಯ ಹೆಮ್ಮಿಗೆಯಿಂದ ಭಾವನ ಅಪ್ಪ ಬಸ್ಸು ಹಿಡಿದು ನಮ್ಮ ಮನೆಗೇ ಬಂದರು.

"ಎಲ್ರೂ ಬರಿಯೋದ್ನ ನೀನೂ ಬರ್ದಾಕ್ಬುಡ್ಲಾ ಅತ್ಲಾಗೆ. ನಿನ್ ಗಂಟೇನ್ ಓಯ್ತದೆ?"

"ಅಪ್ಪಾ, ನಾಳೆ ನಿನ್ ಹೊಟ್ಟೇನೇ ಕುಯ್ಬೇಕು ಅಂತ ಇಟ್ಕೊ. ಮಾಡಿರೋನ ಹತ್ರ ಹೋಗ್ತೀಯೋ, ಬರ್ಕೊಂಡಿರೋನ ಹತ್ರ ಹೋಗ್ತೀಯೋ?"

ಮುದುಕರು ಬಹಳ ಯೋಚಿಸಿದರು. "ನಾನು ನಾಟಿ ವೈದ್ಯನ್ ತಾವ್ಕೆ ಓಯ್ತೀನಿ" ಅಂದು ಕಾಫಿ ಕುಡಿದು ಹೊರಟುಹೋದರು.

ಭಾವ ಬಗ್ಗಲಿಲ್ಲ. ಆದರೆ ನಮಗ್ಯಾರಿಗೂ ಗೊತ್ತಿಲ್ಲದಂತೆ ಅಲ್ಲಿ ಇನ್ನೊಂದು ನಡೆದಿತ್ತು. ಮುಂದಿನ ಸಲ ಡಬ್ಬ ತೆರೆದಾಗ, ಐದು ಜನ ಜೂನಿಯರ್‌ಗಳು ಭಾವನ ಕರಡು ಹುಡುಕಿ ಆ ನಾಲ್ಕು ಪುಟವನ್ನೇ ಇಳಿಸಿ ತಂತಮ್ಮ ಹೆಸರು ಬರೆದು ಹಾಕಿದ್ದರು. ಇಳಿಸುವುದರಲ್ಲಿ ಅವರದು ಪಳಗಿದ ಕೈ ನೋಡಿ! "ಆಪರೇಷನ್ ಬಾರದ ಸರ್ಜನ್ ಎಂದು ನನ್ನ ಹೆಂಡತಿಯೂ ನಗುತ್ತಾಳೆ" ಎಂಬ ಸಾಲನ್ನೂ ಬಿಟ್ಟಿರಲಿಲ್ಲ. ಆ ಐವರಲ್ಲಿ ಇಬ್ಬರು ಹೆಣ್ಣುಮಕ್ಕಳು. ಉಳಿದ ಮೂವರಿಗೂ ಮದುವೆಯೇ ಆಗಿರಲಿಲ್ಲ.

ಐದು ಹೆಂಡತಿಯರ ನಗುವನ್ನು ಒಟ್ಟಿಗೆ ಓದಿದ ಪ್ರೊಫೆಸರ್ ಏನೆಂದುಕೊಂಡರೋ ಕಾಣೆ. ಸೋಮವಾರ ಥಿಯೇಟರಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದರು. ಇನ್ನು ಮೇಲೆ ವಿದ್ಯಾರ್ಥಿಗಳು ಸರದಿಯ ಮೇಲೆ ಆಪರೇಷನ್ ಮಾಡತಕ್ಕದ್ದು, ನಾವು ಪಕ್ಕದಲ್ಲಿ ನಿಂತಿರುತ್ತೇವೆ ಎಂದಿತ್ತು. ಮೊದಲ ಹೆಸರು ಭಾವನದೇ. "ಬಾಯಿ ನೋಡಿದ್ದಾಯ್ತು, ಕೈ ನೋಡೋಣ ಬನ್ನಿ" ಅಂದರಂತೆ.

ಆ ವಾರ ಮನೆಗೆ ಬಂದ ಭಾವ ಎಲ್ಲವನ್ನೂ ಹೇಳಿದರು. ಪ್ರೊಫೆಸರಿಗೂ ಬಗ್ಗದ, ಅಪ್ಪನಿಗೂ ಬಗ್ಗದ ಆ ಮನುಷ್ಯ ನಡುವೆ ಮಾತು ನಿಲ್ಲಿಸಿ, ಅಮ್ಮನ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ನನ್ನ ಕಣ್ಣಲ್ಲೂ ನೀರು ಬಂತು. ಅವರನ್ನು ನಾನು ಎಷ್ಟು ಪ್ರೀತಿಸುತ್ತೇನೆಂದು ನನಗೆ ತಿಳಿದದ್ದು ಆವತ್ತು.

ಅವರನ್ನು ಅಳಿಸಿದ್ದು ಅವರ ಸರದಿಗೆ ಬಂದ ಮೊದಲ ರೋಗಿ, ಹದಿನಾರು ಎಂಬ ಊರಿನ ಒಬ್ಬ ಅಜ್ಜಿ. ಹರ್ನಿಯಾ. ಆಪರೇಷನ್ನಿಗೆ ಮುಂಚೆ ವಾರ್ಡಿನಲ್ಲಿ ಅಜ್ಜಿ ಕೇಳಿದಳಂತೆ, "ನೀನೇ ಮಾಡೀಯಾ ಮಗ? ಇದ್ಕೆ ಮುಂಚೆ ಏಸ್ ಮಾಡಿದ್ದೀಯೆ?"

ಪಕ್ಕದಲ್ಲಿದ್ದ ಪ್ರೊಫೆಸರ್ ಕಣ್ಸನ್ನೆ ಮಾಡಿದರು. ನಮ್ಮ ಭಾವನಿಗೆ ಕಣ್ಸನ್ನೆ ಅರ್ಥವಾದರೆ ತಾನೆ? ಕೇಳಿದ ಮೇಲೆ ಹೇಳಿಯೇಬಿಟ್ಟರು. "ಒಂದೂ ಇಲ್ಲ ಕಣಜ್ಜಿ. ನೀನೇ ಮೊದಲು. ಸರ್ ಜೊತೆಗಿರ್ತಾರೆ. ಬೇಡ ಅಂದ್ರೆ ಅವರೇ ಮಾಡ್ತಾರೆ."

ಅಜ್ಜಿ ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಅಂದಳಂತೆ:

"ಅಂಗಾರೆ ನಿದಾನ್ಕೆ ಮಾಡು ಮಗ. ನಂಗೇನೂ ಅರ್ಜೆಂಟಿಲ್ಲ."