ರೂಬಾರ್ಬ್ ಕೇಕಿನ ಬೆನ್ನ ಮೇಲಿನ ನಿಯಮಗಳು

ಇಡೀ ವಿಸ್ಕಾನ್ಸಿನ್ ರಾಜ್ಯದಲ್ಲಿ ಆಟದ ನಿಯಮಗಳ ಆ ಮೂರು ತೆಳು ಪುಸ್ತಕಗಳನ್ನು ಅರ್ಥಮಾಡಿಕೊಂಡ ಗಂಡಸು ತಾನೊಬ್ಬನೇ ಎಂದು ಆರ್ವಿಡ್ ಲಿಂಡ್‌ಕ್ವಿಸ್ಟ್ ಎರಡು ವರ್ಷ ನಂಬಿದ್ದ. (ಇರಬಹುದು. ಹೆಂಗಸರನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ತಪ್ಪಿದ್ದು ಅಲ್ಲೇ.)

ಅದು ಎಪ್ಪತ್ತಾರನೇ ಇಸವಿ. ಆಟ ಆಗಿನ್ನೂ ಹೊಸದು: ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ನಾನು ವೀರ, ನೀನು ಮಾಂತ್ರಿಕ ಎಂದುಕೊಂಡು ರಾಕ್ಷಸರ ನೆಲಮಾಳಿಗೆಗೆ ಇಳಿಯುವುದು. ಯಾರು ಬದುಕಿದರು, ಯಾರು ಸತ್ತರು ಎಂದು ಸಾರುವ ತೀರ್ಪುಗಾರನ ಸಿಂಹಾಸನ (ಕೈಯಿರುವ ಊಟದ ಕುರ್ಚಿ) ಆರ್ವಿಡ್‌ನದು. ಪುಸ್ತಕ ಬರೆದ ಪುಣ್ಯಾತ್ಮರು ಬಾಗಿಲು ಒಡೆಯುವ ನಿಯಮವನ್ನು ಹಡಗಿನ ಅಧ್ಯಾಯದಲ್ಲೂ, ಸಾಯುವ ನಿಯಮವನ್ನು ಕೂಲಿಯಾಳುಗಳ ಸಂಬಳದ ಕೆಳಗೂ ಇಟ್ಟಿದ್ದರು. ‘ಕೆಳಗೆ ನೋಡಿ’ ಎಂದಲ್ಲಿ ನೋಡಿದರೆ ಪುಟದ ಅಂಚು, ಅದರಾಚೆ ಮೇಜು.

ಹೀಗಾಗಿ ದಂತವೈದ್ಯ ಲೊವೆಲ್‌ನ ಮಾಂತ್ರಿಕ ಗುಂಡಿಗೆ ಬಿದ್ದು ಮೂರು ಭಾನುವಾರಗಳಾದರೂ ಎಷ್ಟು ಪೆಟ್ಟಾಯಿತೆಂದು ಆರ್ವಿಡ್ ಇನ್ನೂ ಹುಡುಕುತ್ತಲೇ ಇದ್ದ.

“ಬಿದ್ದಾಯ್ತೋ, ಇನ್ನೂ ಬೀಳ್ತಾನೇ ಇದ್ದೀನೋ, ಅದನ್ನಾದ್ರೂ ಹೇಳು ಮಾರಾಯ,” ಎಂದ ಲೊವೆಲ್. “ಮುಂದಿನ ವಾರವೂ ಸಿಗ್ಲಿಲ್ಲ ಅಂದ್ರೆ ನಾವು ಬೇರೆ ತೀರ್ಪುಗಾರನ್ನ ನೋಡ್ಕೋತೀವಿ.”

ಸಿಂಹಾಸನ ಅಲುಗಿತು. ಆಗ ಆರ್ವಿಡ್‌ಗೆ ದಿವ್ಯ ಉಪಾಯವೊಂದು ಹೊಳೆಯಿತು. ಚರ್ಚಿನ ಹೆಂಗಸರ ಅಡುಗೆ ಪುಸ್ತಕದ ನಾನೂರು ಅಡುಗೆಗಳನ್ನು ಒಂದೊಂದು ಕಾರ್ಡಿಗೆ ಬರೆದು ಅಕಾರಾದಿಯಾಗಿ ಜೋಡಿಸಿದವಳು ಅವನ ಹೆಂಡತಿ ಮಾರ್ಲಿಸ್.

“ಇದನ್ನೂ ಕಾರ್ಡುಗಳಿಗೆ ಇಳಿಸಿಕೊಡು. ಅರ್ಥ ಆಗದಿದ್ರೂ ಪರವಾಗಿಲ್ಲ,” ಎಂದ, ಉದಾರವಾಗಿ.

ಒಲೆಯಲ್ಲಿ ಆಲೂಗಡ್ಡೆ ಬೇಯುವಷ್ಟರಲ್ಲಿ ಮಾರ್ಲಿಸ್ ಮೂರನ್ನೂ ಓದಿ ಮುಗಿಸಿದಳು.

“ಹಿಟ್ಟು ಮೊದಲನೇ ಪುಸ್ತಕದಲ್ಲಿ, ಒಲೆ ಮೂರನೇದ್ರಲ್ಲಿ. ಅಡುಗೆ ಪುಸ್ತಕವನ್ನ ನಾವು ಹೀಗೆ ಬರೆದಿದ್ರೆ ಊರಿಗೆ ಊರೇ ಉಪವಾಸ. ಅದಿರ್ಲಿ, ಏನಿದು ‘ಮಟ್ಟ’? ವೀರನಿಗೂ ಮಟ್ಟ, ಮಂತ್ರಕ್ಕೂ ಮಟ್ಟ, ರಾಕ್ಷಸನಿಗೂ ಮಟ್ಟ, ನೆಲಮಾಳಿಗೆಗೂ ಮಟ್ಟ. ನಾಲ್ಕಕ್ಕೂ ಒಂದೇ ಹೆಸರಾ?”

“ಅದು ಸೂಕ್ಷ್ಮ ಕಣೇ. ನಿಂಗೆ ಹೊಳೆಯಲ್ಲ.”

ಭಾನುವಾರ ಚರ್ಚು ಮುಗಿದ ಮೇಲೆ ಆರ್ವಿಡ್ ಮಾರ್ಲಿಸ್ ಬರೆದುಕೊಟ್ಟ ಕಾರ್ಡುಗಳ ತಗಡಿನ ಡಬ್ಬಿಯನ್ನು ರಾಜಮುದ್ರೆಯಂತೆ ತೆರೆದ. ಕ್ಷಣಾರ್ಧದಲ್ಲಿ ಗುಂಡಿಯ ಕಾರ್ಡು ಸಿಕ್ಕಿತು. ಗಂಟಲು ಸರಿಮಾಡಿಕೊಂಡು ಓದಿದ:

“‘ಮೈಗೆಲ್ಲ ಬೆಣ್ಣೆ ಸವರಿ ನಲವತ್ತು ನಿಮಿಷ ಬೇಯಿಸಿ.’”

ಲೊವೆಲ್ ಪೆನ್ಸಿಲು ಕೆಳಗಿಟ್ಟ. “ಬೀಳ್ತಾನೇ ಇದ್ದಿದ್ರೆ ಸುಖವಾಗಿರ್ತಿದ್ದೆ.”

“ತಿರುಗ್ಸು ಅದನ್ನ,” ಅಡುಗೆಮನೆಯಿಂದ ಮಾರ್ಲಿಸ್ ಹೇಳಿದಳು. “ಅದು ರೂಬಾರ್ಬ್ ಕೇಕು. ಹಳೇ ಕಾರ್ಡಿನ ಬೆನ್ನ ಮೇಲೆ ಬರೆದಿದ್ದೀನಿ. ಹತ್ತಡಿಗೆ ಒಂದು ದಾಳದ ಪೆಟ್ಟು.”

ದಾಳ ಉರುಳಿತು. ಮಾಂತ್ರಿಕ ಬದುಕಿದ. ಅಂಚೆಯ ಗೆರ್ಹಾರ್ಡ್ ಹಗ್ಗದ ವಿಚಾರ ಕೇಳಿದ, ಉತ್ತರ ಅಡುಗೆಮನೆಯಿಂದ ಬಂತು. ಬಾಗಿಲಿನ ವಿಚಾರ ಕೇಳಿದ, ಡಬ್ಬಿಯ ಮುಚ್ಚಳ ಏಳುವ ಮೊದಲೇ ಉತ್ತರ ಬಂತು. ಒಂದೊಂದಾಗಿ ಕುರ್ಚಿಗಳು ಅಡುಗೆಮನೆಯತ್ತ ತಿರುಗಿದವು. ಸಂಜೆ ನಾಲ್ಕಕ್ಕೆ ಹನ್ನೊಂದು ಬಾಗಿಲು ಮುರಿದು, ಬೆಂಕಿಯುಗುಳುವ ಸರ್ಪವೊಂದನ್ನು ಕೊಂದು, ಎರಡು ವರ್ಷದಲ್ಲಿ ಕಾಣದ ವಿಜಯವನ್ನು ಎಲ್ಲರೂ ಕಂಡಿದ್ದರು.

“ನೋಡಿದ್ರಾ ನನ್ನ ಉಪಾಯ?” ಎಂದ ಆರ್ವಿಡ್, ಎದೆಯುಬ್ಬಿಸಿ.

“ಭೇಷ್,” ಎಂದ ಲೊವೆಲ್. “ಈಗ ಏಳು. ಮಾರ್ಲಿಸ್, ಕುರ್ಚಿ ಖಾಲಿ ಇದೆ.”

ಆರ್ವಿಡ್ ಸ್ಟೂಲಿನ ಮೇಲೆ ಕೂತು ತನ್ನ ಹೊಸ ವೀರನಿಗಾಗಿ ದಾಳ ಉರುಳಿಸಿದ. ಹದಿನೆಂಟಕ್ಕೆ ಬಲ ಐದು, ಬುದ್ಧಿ ನಾಲ್ಕು.

“ಮಾರ್ಲಿಸ್, ಇಪ್ಪತ್ತೆರಡು ವರ್ಷ ನಿನ್ನ ಗಂಡ, ಎರಡು ವರ್ಷ ತೀರ್ಪುಗಾರ. ಅದನ್ನೆಲ್ಲ ಸೇರಿಸಿದ್ರೆ ನಂದು ಯಾವ ಮಟ್ಟ?”

ಮಾರ್ಲಿಸ್ ಡಬ್ಬಿ ಮುಟ್ಟಲೇ ಇಲ್ಲ.

“ನಾಲ್ಕರಲ್ಲೂ ಒಂದನೇದು.”