ಕುಂಕುಮದ ಪಾಸು ಮತ್ತು ಒಂದು ಮಾಲ್‌ಗಾಡಿ

...ಅಥವಾ ಅವು ಐದು ಮನೆಗಳಲ್ಲ, ಮೂರೇ ಇದ್ದವೇನೋ. ಆದರೆ ನನ್ನ ನೆನಪಿನಲ್ಲಿ ಅತ್ಯಾ ಸಂಜೆ ಮನೆಗೆ ಬಂದಾಗ ಐದು ಮನೆಗಳ ಕುಂಕುಮ ಅವಳ ಹಣೆಯ ಮೇಲೆ ಒಂದರ ಮೇಲೊಂದು ಕೂತಿರುತ್ತಿತ್ತು. ಎದುರಿಗೆ ಬಂದ ಲೋಕಲ್ ರೈಲು ಕೆಂಪು ಸಿಗ್ನಲ್ ಎಂದುಕೊಂಡು ನಿಂತುಬಿಡಬೇಕು, ಹಾಗೆ! ನೆನಪನ್ನು ನಾನು ನಂಬುವುದಿಲ್ಲ. ಅದು ಬೇಕಾದ್ದನ್ನು ಹಿಗ್ಗಿಸುತ್ತದೆ, ಬೇಡದ್ದನ್ನು ಮಂಚದ ಕೆಳಗೆ ತಳ್ಳುತ್ತದೆ. ಒಂದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ: ಆ ಲೋಕಲ್ ಹಾದಿಯಲ್ಲಿ ಠಾಣೆಯಿಂದ ಕಲ್ಯಾಣದವರೆಗೆ ನನ್ನ ಈ ಸೋದರತ್ತೆಯಷ್ಟು ಕರೆಯದ ಮನೆಗಳಿಗೆ ಹೋದ ಹೆಂಗಸು, ಅವಳಷ್ಟು ತಪ್ಪು ಮಾತಾಡಿದ ಟೀಚರು ಇನ್ನೊಬ್ಬಳಿರಲಿಲ್ಲ!

ಎಪ್ಪತ್ತರ ದಶಕದ ಕೊನೆ. ನಾನು ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಆಫೀಸಿನಲ್ಲಿ ಟೈಪಿಸ್ಟು. ನಾನೂ ನನ್ನ ಅಣ್ಣನೂ ಡೊಂಬಿವಲಿಯಲ್ಲಿ ಅತ್ಯಾ-ಮಾಮಾ ಮನೆಯಲ್ಲೇ ಇದ್ದೆವು. ಅವರಿಗೆ ಮಕ್ಕಳಿರಲಿಲ್ಲ. ಅತ್ಯಾ ಅಲ್ಲಿಯ ಕನ್ನಡ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಗುಂಡಿ ಹಚ್ಚುವುದನ್ನು ಕಲಿಸಿ ಸುಮ್ಮನಿರಬಹುದಿತ್ತಲ್ಲ? ಇಲ್ಲ! ಬೆಂಚಿನ ಕೆಳಗೆ ಅಡಗುವ ಮಗು, ಸ್ಲೇಟು-ಪಾಟಿ ಎಸೆಯುವ ಮಗು, ವಾರಗಟ್ಟಲೆ ಶಾಲೆಗೇ ಬಾರದ ಮಗು, ಅವೆಲ್ಲ ಇವಳಿಗೇ ಬೇಕು. ಈಗ ಇಂಥ ಮಕ್ಕಳಿಗೆ ಉದ್ದುದ್ದ ಹೆಸರುಗಳಿವೆ, ಮನೆಗೇ ಹೋಗಿ ನೋಡುವ ಜನರಿದ್ದಾರೆ, ಅವರ ಕೈಯಲ್ಲಿ ಫೈಲುಗಳಿವೆ. ಆಗ ನಮ್ಮ ಹತ್ತಿರ ಇದ್ದದ್ದು ಎರಡೇ ಶಬ್ದ: ಉಡಾಳ, ಹುಚ್ಚು.

ಶಾಲೆಯಿಂದ ಚೀಟಿ ಹೋದರೆ ಮನೆಯಲ್ಲಿ ಮಗುವಿನ ಬೆನ್ನು ಮುರಿಯುತ್ತದೆ. ಟೀಚರೇ ಹೋದರೆ ಇಡೀ ಬಿಲ್ಡಿಂಗಿಗೆ ಸುದ್ದಿ. ಅದಕ್ಕೇ ಅತ್ಯಾ ಒಂದು ಉಪಾಯ ಹೂಡಿದಳು. ಅರಿಷಿಣ-ಕುಂಕುಮಕ್ಕೆ ಕರೆದರೆ ಹೋಗುವುದು ಲೋಕರೂಢಿ. ಇವಳು ಕರೆಯದೆ ಹೋಗಿ, ಹೊಸ್ತಿಲಲ್ಲಿ ನಿಂತು, "ಕುಂಕುಮಕ್ಕ ಬಂದೀನ್ರೀ" ಎನ್ನುತ್ತಿದ್ದಳು. ಬಾಗಿಲಿಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸುವ ಧೈರ್ಯ ಯಾವ ಮನೆಗಿದೆ? ಕುಂಕುಮ ಎಂದರೆ ಒಳಗೆ ಕರೆಯಬೇಕು, ಒಳಗೆ ಕರೆದರೆ ಚಹಾ, ಚಹಾ ಎಂದರೆ ಅರ್ಧ ಗಂಟೆ. ಅಷ್ಟರಲ್ಲಿ ಮೂಲೆಯಲ್ಲಿ ಕೂತ ಮಗುವಿನ ಪಕ್ಕ ಇವಳ ಬಿಡಾರ!

ಮಾಮಾಗೆ ಇದು ದೊಡ್ಡ ತಮಾಷೆ. "ಊರ ಮಂದಿ ಎಲ್ಲಾ ಸೇರಿ ನನ್ನ ಆಯುಷ್ಯಕ್ಕ ಕುಂಕುಮ ಹಚ್ಯಾರ. ಇನ್ನೂರು ವರ್ಷ ಗ್ಯಾರಂಟಿ ನೋಡ!"

"ನಿಮ್ಮ ಆಯುಷ್ಯಕ್ಕಲ್ಲ, ಇದು ನನ್ನ ಪಾಸು," ಎನ್ನುತ್ತಿದ್ದಳು ಅತ್ಯಾ. "ಲೋಕಲ್ ಪಾಸು ಕಲ್ಯಾಣಕ್ಕ ನಿಲ್ತದ. ಇದು ಅಡಗೀಮನೀತನಕ ನಡೀತದ."

ಮಗುವಿನ ಪಕ್ಕ ಕೂತು ಇವಳು ಮಾಡುತ್ತಿದ್ದದ್ದೇನು? ತಪ್ಪು ಹೇಳುವುದು! ಉಪದೇಶವಿಲ್ಲ, ಯಾಕೆ ಏನು ಎಂಬ ಪ್ರಶ್ನೆಯಿಲ್ಲ. ಕಾಗೆಗೆ ಗುಬ್ಬಿ ಎನ್ನುವುದು, ಮಂಗಳವಾರಕ್ಕೆ ಶುಕ್ರವಾರ ಎನ್ನುವುದು. ಕಲ್ಯಾಣದ ಒಬ್ಬ ಪಾಟಿ ಎಸೆಯುವ ಹುಡುಗನ ವಿಷಯದಲ್ಲಿ ಉಡುಪಿ ಕಡೆಯವರಾದ ಶಾಲೆಯ ಹೆಡ್‌ಮಾಸ್ಟರು ಇವಳನ್ನು ಕರೆಸಿಯೇಬಿಟ್ಟರು.

"ಎಂಥದು ಟೀಚರ್ ಇದು? ಏಳೆಂಟಲೆ ಐವತ್ನಾಲ್ಕು ಅಂತ ಹೇಳಿಕೊಟ್ಟಿರಂತೆ!"

"ಹೌದ್ರೀ ಸರ್. ಅಂವಾ ಐವತ್ತಾರು ಅಂದ."

"ಮತ್ತೆ?"

"ಮತ್ತೇನ್ರೀ? ಮೂರು ತಿಂಗಳಿಂದ ಬೈಗಳ ಬಿಟ್ಟು ಬ್ಯಾರೆ ಮಾತಾಡಿರಲಿಲ್ಲ ಅಂವ. ದೊಡ್ಡವರು ತಪ್ಪು ಹೇಳಿದ್ರ ಹುಡುಗರಿಗೆ ಸುಮ್ಮನ ಕೂಡಲಿಕ್ಕೆ ಆಗೂದಿಲ್ರೀ."

"ಹಾಗಾದರೆ ನಾನೂ ನಾಳೆಯಿಂದ ತಪ್ಪು ಹೇಳಲಾ ಮಾರಾಯ್ತಿ?"

"ನೀವು ದಿನಾ ಹೇಳ್ತೀರಲ್ರೀ ಸರ್, ಇವು ಸುಧಾರಿಸೂದಿಲ್ಲ ಅಂತ!"

ಈ ಕೊನೆಯ ಮಾತು ಅವಳು ನಿಜವಾಗಿ ಆಡಿದಳೋ, ಮನೆಗೆ ಬಂದು ಸೇರಿಸಿದಳೋ, ಅಥವಾ ನಾನೇ ಈಗ ಸೇರಿಸುತ್ತಿದ್ದೇನೋ. ಇರಲಿ.

ಆ ವರ್ಷ ಠಾಕುರ್ಲಿಯ ಒಂದು ಹುಡುಗಿ. ಎಂಟು ವರ್ಷ. ಶಾಲೆಯಲ್ಲಿ ಒಂದು ವರ್ಷದಿಂದ ತುಟಿ ಬಿಚ್ಚಿರಲಿಲ್ಲ; ಕೈ ಹಿಡಿದೆಳೆದ ಟೀಚರನ್ನು ಕಚ್ಚಿದ್ದಳು. ಏಪ್ರಿಲಿನ ಮೌಖಿಕ ಪರೀಕ್ಷೆಯಲ್ಲಿ ಒಂದು ಉತ್ತರವಾದರೂ ಬಾಯಿಬಿಟ್ಟು ಹೇಳದಿದ್ದರೆ ಶಾಲೆ ಬಿಡಿಸಿ ಲೀವಿಂಗ್ ಸರ್ಟಿಫಿಕೇಟು ಕೈಗಿಡುವುದೇ ಎಂದು ಹೆಡ್‌ಮಾಸ್ಟರು ಹೇಳಿಯಾಗಿತ್ತು. ಅವಳ ಅಕ್ಕನಿಗೆ ಗಂಡು ನೋಡುತ್ತಿದ್ದರು. ಮನೆಯಲ್ಲಿ ಮಾತಾಡದ ಮಗುವೊಂದಿದೆ ಎಂಬುದು ಯಾರಿಗೂ ಗೊತ್ತಾಗಬಾರದಿತ್ತು. "ನಮ್ಮ ಹುಡುಗಿಗೆ ಏನೂ ಆಗಿಲ್ರೀ, ಬರೇ ಹಟ," ಎನ್ನುತ್ತ ಅವಳ ತಾಯಿ ಅತ್ಯಾಗೆ ಕುಂಕುಮ ಹಚ್ಚುತ್ತಿದ್ದಳು.

ಆ ಮನೆಯ ಗ್ಯಾಲರಿ, ಎಂದರೆ ಬಾಲ್ಕನಿ, ರೈಲು ಹಳಿಯ ಕಡೆಗಿತ್ತು. ಪ್ರತಿ ಗುರುವಾರ ಅತ್ಯಾ ಹುಡುಗಿಯ ಪಕ್ಕ ಅಲ್ಲಿ ಕೂತು, ಬಂದ ಪ್ರತಿ ರೈಲನ್ನೂ ತಪ್ಪಾಗಿ ಗುರುತಿಸುತ್ತಿದ್ದಳು. ಸ್ಲೋ ಲೋಕಲಿಗೆ ಮೇಲ್ ಗಾಡಿ ಎನ್ನುವುದು, ಮೇಲ್ ಗಾಡಿಗೆ ಸ್ಲೋ. ಎಂಟನೇ ಗುರುವಾರ, ಐವತ್ತು ಡಬ್ಬಿಗಳ ಕಲ್ಲಿದ್ದಲ ಗೂಡ್ಸ್ ರೈಲು ಗ್ಯಾಲರಿಯನ್ನೇ ಅಲ್ಲಾಡಿಸುತ್ತ ಹೋಗುವಾಗ, "ಫಾಸ್ಟ್ ಲೋಕಲ್" ಎಂದಳಂತೆ. ಹುಡುಗಿಗೆ ತಡೆಯಲಾಗಲಿಲ್ಲ. ಅಸಹ್ಯದಿಂದ ಇವಳತ್ತ ತಿರುಗಿ, "ಮಾಲ್‌ಗಾಡಿ!" ಎಂದಳು.

ಆ ಸಂಜೆ ನಮ್ಮ ಮನೆಯಲ್ಲಿ ಶಿರಾ! ಒಂದು ಶಬ್ದಕ್ಕೆ ಇಷ್ಟು ತುಪ್ಪವೇ ಎಂದು ಮಾಮಾ ಕೇಳಿದರು. ಅತ್ಯಾ ಬೆರಳು ಮಡಿಚಿದಳು: "ಇನ್ನ ನಾಲ್ಕು ಗುರುವಾರ ಸಿಕ್ರ ಸಾಕು, ಪರೀಕ್ಷಾಕ್ಕ ಕೂಡಸ್ತೀನಿ."

ಮರುವಾರ ಠಾಣೆ ಸ್ಟೇಷನ್ನಿನ ಸೇತುವೆ ಹತ್ತುವಾಗ ಮಾಮಾ ಕುಸಿದರು. ಇನ್ನೂರು ವರ್ಷದ ಗ್ಯಾರಂಟಿ ಆಸ್ಪತ್ರೆಯವರೆಗೂ ಬರಲಿಲ್ಲ.

ಹದಿನೈದನೇ ದಿನ ಅತ್ಯಾ ಖಾಲಿ ಹಣೆಯಲ್ಲಿ ಠಾಕುರ್ಲಿಗೆ ಹೋದಳು. ಜೊತೆಗೆ ನಾನಿದ್ದೆ. ತಾಯಿ ಬಾಗಿಲನ್ನು ಅರ್ಧ ತೆರೆದಳು. "ಅಕ್ಕೋರ, ತಪ್ಪು ತಿಳೀಬ್ಯಾಡ್ರಿ. ಮನ್ಯಾಗ ಹೆಣ್ಣು ನೋಡಲಿಕ್ಕೆ ಬರ್ತಾರ. ಶುಭಕಾರ್ಯ..." ಕೆಟ್ಟ ಹೆಂಗಸೇನಲ್ಲ, ಹೇಳುವಾಗ ಕಣ್ಣಲ್ಲಿ ನೀರಿತ್ತು. ಆದರೂ ಚಿಲಕ ಹಾಕಿದಳು.

ಮೆಟ್ಟಿಲಿಳಿಯುತ್ತ ಅತ್ಯಾ ನಕ್ಕಳು. "ಪಾಸು ಮುಗೀತು ನೋಡವಾ." ಆಮೇಲೆ ನನ್ನ ಹಣೆಯ ಕಡೆ ನೋಡಿದಳು. "ನೀ ಹೋಗು. ನಿನಗ ಒಳಗ ಬಿಡ್ತಾರ. ಏನೂ ಮಾಡಬ್ಯಾಡ. ರೈಲು ಬಂದಾಗ ತಪ್ಪು ಹೇಳು, ಅಷ್ಟ."

ಮರು ಗುರುವಾರ ನಾನು ಹೋದೆ. ಕುಂಕುಮ ಹಚ್ಚಿಸಿಕೊಂಡೆ, ಚಹಾ ಕುಡಿದೆ, ಗ್ಯಾಲರಿಯಲ್ಲಿ ಹುಡುಗಿಯ ಪಕ್ಕ ಕೂತೆ. ರೈಲು ಬಂತು. "ಫಾಸ್ಟ್ ಲೋಕಲ್" ಎಂದೆ. ಅದು ಫಾಸ್ಟ್ ಲೋಕಲ್ಲೇ! ನಿಮಿಷಕ್ಕೆ ಅರವತ್ತು ಶಬ್ದ ತಪ್ಪಿಲ್ಲದೆ ಹೊಡೆಯುವ ಟೈಪಿಸ್ಟು ನಾನು. ಎಂಟು ವರ್ಷದ ಮಗುವಿನೆದುರು ದಡ್ಡಿಯಾಗಲು ನಾಲಿಗೆ ಏಳಲಿಲ್ಲ. ಹುಡುಗಿ ಮುಖ ತಿರುಗಿಸಿದಳು. ಮತ್ತೆ ನಾನು ಹೋಗಲಿಲ್ಲ.

ಅಣ್ಣ ಇದನ್ನು ಒಪ್ಪುವುದಿಲ್ಲ. "ನೀ ಹೋಗೇ ಇಲ್ಲ. ಠಾಕುರ್ಲಿ ಪ್ಲ್ಯಾಟ್‌ಫಾರ್ಮಿನಿಂದ ವಾಪಸು ಬಂದು ಅತ್ಯಾಗ ಸುಳ್ಳು ಹೇಳಿದಿ," ಎನ್ನುತ್ತಾನೆ. ಇರಬಹುದು. ಒಂದರಲ್ಲಿ ನಾನು ಜಂಬದವಳು, ಇನ್ನೊಂದರಲ್ಲಿ ಹೇಡಿ. ನೆನಪು ನನಗಾಗಿ ಜಂಬವನ್ನು ಆರಿಸಿಕೊಂಡಿರಬೇಕು.

ಹುಡುಗಿ ಪರೀಕ್ಷೆಗೆ ಬರಲಿಲ್ಲ. ಸರ್ಟಿಫಿಕೇಟು ತಯಾರಾಯಿತು, ಹೆಡ್‌ಮಾಸ್ಟರು ಸಹಿ ಹಾಕಿದರು, ಅವಳ ತಂದೆ ಬಂದು ಒಯ್ದರು. ಮಳೆಗಾಲದಲ್ಲಿ ಅವರು ಟಿಟ್ವಾಳಾಕ್ಕೆ ಮನೆ ಬದಲಿಸಿದರೆಂದು ಕೇಳಿದೆ.

ಅದಕ್ಕೂ ಮೊದಲು, ಮೇ ತಿಂಗಳ ಒಂದು ಗುರುವಾರ, ಆಫೀಸಿನ ಕೆಲಸಕ್ಕೆ ಕಲ್ಯಾಣಕ್ಕೆ ಹೋಗಿ ಸ್ಲೋ ಲೋಕಲ್ಲಿನಲ್ಲಿ ಹಿಂತಿರುಗುತ್ತಿದ್ದೆ. ಠಾಕುರ್ಲಿ ಪ್ಲ್ಯಾಟ್‌ಫಾರ್ಮಿನ ತುದಿಯಲ್ಲಿ, ಆ ಗ್ಯಾಲರಿಯ ಎದುರಿಗೆ, ಅತ್ಯಾ ನಿಂತಿದ್ದಳು. ಅವಳಿಗೂ ಗ್ಯಾಲರಿಗೂ ನಡುವಿನ ಹಳಿಯ ಮೇಲೆ ಒಂದು ಮಾಲ್‌ಗಾಡಿ ಹೊರಟಿತ್ತು. ಅವಳು ಎರಡೂ ಕೈ ಬಾಯಿಗೆ ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗುತ್ತಿದ್ದಳು: "ಫಾಸ್ಟ್ ಲೋಕಲ್! ಫಾಸ್ಟ್ ಲೋಕಲ್!" ಜನ ನಗುತ್ತಿದ್ದರು. ನನ್ನ ಡಬ್ಬಿಯ ಒಬ್ಬಳು, "ಬಿಚಾರಿ, ಪಾಗಲ್ ಹೈ," ಎಂದಳು. ಕೂಗುತ್ತಿರುವವಳು ನನ್ನ ಅತ್ಯಾ ಎಂದು ನಾನು ಹೇಳಲಿಲ್ಲ.

ಗ್ಯಾಲರಿಯ ಸರಳುಗಳ ಹಿಂದೆ ಹುಡುಗಿ ನಿಂತಿದ್ದಳು. ಡಬ್ಬಿ ಡಬ್ಬಿಗಳ ಸಂದಿಯಲ್ಲಿ ಅವಳ ಮುಖ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಬಾಯಿ ಅಲುಗಿದಂತಾಯಿತು. ಏನಂದಳೋ ಗೊತ್ತಿಲ್ಲ. ಅಂದಳೋ ಇಲ್ಲವೋ, ಅದೂ ಗೊತ್ತಿಲ್ಲ.